‘ಹ್ಯಾಬಿಟ್’ ಪದದಲ್ಲಿ ಎಚ್ ತೆಗೆದರೂ ಚಟ ಉಳಿಯುತ್ತದೆಯೇ? ವೈರಲ್ ಮೆಸೇಜಿನ ಅಸಲಿಯತ್ತು

ಫ್ಯಾಮಿಲಿ ಗ್ರೂಪಿನಲ್ಲಿ ನಿಮಗೂ ಈ ಮೆಸೇಜ್ ಬಂದಿರಬಹುದು. ಇಂಗ್ಲಿಷಿನ ‘ಹ್ಯಾಬಿಟ್’ ಪದದಿಂದ ಎಚ್ ತೆಗೆದರೆ ‘ಎ ಬಿಟ್’, ಅಂದರೆ ಸ್ವಲ್ಪ ಉಳಿಯುತ್ತದೆ. ಎ ತೆಗೆದರೆ ‘ಬಿಟ್’, ಅಂದರೆ ಚೂರು ಉಳಿಯುತ್ತದೆ. ಬಿ ತೆಗೆದರೂ ‘ಇಟ್’, ಅಂದರೆ ‘ಅದು’ ಉಳಿದೇ ಉಳಿಯುತ್ತದೆ. ಹಾಗಾಗಿ ಚಟ ಅನ್ನೋದು ಎಂದೂ ಹೋಗುವುದಿಲ್ಲ ಎಂಬುದು ಮೆಸೇಜಿನ ತಾತ್ಪರ್ಯ.

ಬಸವಕಲ್ಯಾಣ ಹತ್ತಿರದ ನಾರಾಯಣಪುರದಿಂದ ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ಅವರ ಕಾಕಾ ಗುಟ್ಕಾ ಬಿಡಲು ಹೊರಟಿದ್ದರಂತೆ. ಮೆಸೇಜ್ ಓದಿದ ಮೇಲೆ, “ಶಬ್ದದಾಗೇ ಬರ್ದಾರ ನೋಡಪಾ, ಇದು ಹೋಗಂಗಿಲ್ಲ” ಎಂದು ಮತ್ತೆ ಪೊಟ್ಟಣ ಹರಿದರಂತೆ. ತಮಾಷೆಯ ಫಾರ್ವರ್ಡ್ ಒಬ್ಬರ ಆರೋಗ್ಯಕ್ಕೇ ಕುತ್ತು ತರುವಂತಿದ್ದರೆ ಪರಿಶೀಲಿಸಲೇಬೇಕು.

ಪದದ ನಿಜವಾದ ಮೂಲ ಏನು?

‘ಹ್ಯಾಬಿಟ್’ ಬಂದಿದ್ದು ಲ್ಯಾಟಿನ್‌ನ ‘ಹ್ಯಾಬಿಟಸ್’ ಪದದಿಂದ, ಹಳೆಯ ಫ್ರೆಂಚ್ ಮೂಲಕ. ಅದರ ಧಾತು ‘ಹ್ಯಾಬೆರೆ’. ಅರ್ಥ: ಹೊಂದಿರು, ಹಿಡಿದಿರು. ಮನುಷ್ಯ ತನ್ನನ್ನು ಇಟ್ಟುಕೊಂಡಿರುವ ರೀತಿ, ಅವನ ತೋರಿಕೆ, ಉಡುಗೆ ಎಲ್ಲವೂ ‘ಹ್ಯಾಬಿಟಸ್’.

13ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದದ್ದು ಬಟ್ಟೆಯ ಅರ್ಥ, ಮುಖ್ಯವಾಗಿ ಕ್ರೈಸ್ತ ಸನ್ಯಾಸಿಗಳ ನಿಲುವಂಗಿ. ಇಂದಿಗೂ ಕ್ರೈಸ್ತ ಸನ್ಯಾಸಿನಿಯರ ಉಡುಪಿಗೆ ‘ಹ್ಯಾಬಿಟ್’ ಎಂದೇ ಹೆಸರು. ಮತ್ತೆ ಮತ್ತೆ ಮಾಡಿ ಮೈಗೂಡಿದ ನಡವಳಿಕೆ ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ, 16ನೇ ಶತಮಾನದ ಹೊತ್ತಿಗೆ. ಪ್ರಾಣಿಗಳ ನೆಲೆಗೆ ಹೇಳುವ ‘ಹ್ಯಾಬಿಟ್ಯಾಟ್’ ಕೂಡ ಇದೇ ಬಳಗದ್ದು.

ಹಾಗಾದರೆ ‘ಬಿಟ್’ ಮತ್ತು ‘ಇಟ್’? ಅವು ಲ್ಯಾಟಿನ್ನಿನವೇ ಅಲ್ಲ, ಹಳೆಯ ಇಂಗ್ಲಿಷಿನವು. ‘ಬಿಟ್’ ಅಂದರೆ ಕಚ್ಚಿ ತೆಗೆದ ತುಣುಕು. ‘ಬೈಟ್’ ಪದದ ನಂಟು. ‘ಇಟ್’ ಪದ ಹಿಂದೆ ‘ಹಿಟ್’ ಆಗಿತ್ತು, ಅದಕ್ಕೇ ಒಂದು ಎಚ್ ಇತ್ತು! ಈ ಪದಗಳು ‘ಹ್ಯಾಬಿಟ್’ ಒಳಗೆ ಕಾಣಿಸುವುದು ಬರೀ ಕಾಗುಣಿತದ ಕಾಕತಾಳೀಯ.

ನಮ್ಮ ಭಾಷೆಗಳಲ್ಲಿ ಏನಿದೆ?

ಬೀದರ್ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಾತಿನಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ ಬೆರೆತಿರುವುದು ಸಹಜ. ಉರ್ದುವಿನ ‘ಆದತ್’ ಅರಬ್ಬಿ ಮೂಲದ್ದು. ಅದರ ಧಾತುವಿನ ಅರ್ಥ ‘ಮರಳಿ ಬರು’. ‘ರೂಢಿ’ ಸಂಸ್ಕೃತದ ‘ಬೆಳೆ, ಏರು’ ಎಂಬ ಧಾತುವಿನಿಂದ ಬಂದದ್ದು. ‘ಅಭ್ಯಾಸ’ ಅಂದರೆ ಮತ್ತೆ ಮತ್ತೆ ಮಾಡುವುದು. ಅದಕ್ಕೇ ಶಾಲೆಯ ಪಾಠದ ಕೊನೆಯಲ್ಲೂ ‘ಅಭ್ಯಾಸ’ ಇರುತ್ತದೆ.

ಮೆಸೇಜಿನ ಆಟವನ್ನೇ ಕನ್ನಡದಲ್ಲಿ ಆಡಿ ನೋಡಿ. ‘ಹ್ಯಾಬಿಟ್’ ಎಂದು ಬರೆದು ಮೊದಲ ಅಕ್ಷರ ತೆಗೆದರೆ ಉಳಿಯುವುದು ‘ಬಿಟ್’. ಬಿಟ್ಟರೆ ಬಿಟ್ಟ ಹಾಗೇ! ಇದೂ ಪುರಾವೆಯಲ್ಲ, ಇದೂ ಆಟವೇ. ಪದವನ್ನು ಕತ್ತರಿಸಿ ಮನುಷ್ಯನ ಹಣೆಬರಹ ಓದಲು ಆಗುವುದಿಲ್ಲ ಎಂದು ತೋರಿಸಲು ಹೇಳಿದೆವು.

21 ದಿನದ ಲೆಕ್ಕ ಸರಿಯೇ?

ಇದರ ಬೆನ್ನಿಗೇ ಬರುವ ಇನ್ನೊಂದು ಫಾರ್ವರ್ಡ್, ‘21 ದಿನ ಮಾಡಿದರೆ ಯಾವುದೇ ಅಭ್ಯಾಸ ಬರುತ್ತದೆ’ ಎಂಬುದು. ಇದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕ. ಬದಲಾದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನವಾದರೂ ಬೇಕು ಎಂದು ಅವರು ಹೇಳಿದ್ದರು. ಹಂಚಿಕೆಯ ಹಾದಿಯಲ್ಲಿ ‘ಕನಿಷ್ಠ’ ಉದುರಿಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಹಿಡಿಯುವ ಕಾಲ ಸುಮಾರು 66 ದಿನ ಎಂದು ಅವರು ಲೆಕ್ಕ ಹಾಕಿದರು. ಆದರೆ ಅದು ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದವರೆಗೆ ಬದಲಾಗಿತ್ತು. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದಿಲ್ಲ ಎಂಬುದೂ ಅಲ್ಲಿ ಕಂಡಿತು.

ಗುಟ್ಕಾ ಬರೀ ಅಭ್ಯಾಸವಲ್ಲ

ಈ ಲೆಕ್ಕ ಹೊಸ ಅಭ್ಯಾಸ ಕಲಿಯುವುದಕ್ಕೆ. ತಂಬಾಕಿನ ಮಾತು ಬೇರೆ. ಅದರಲ್ಲಿರುವ ನಿಕೋಟಿನ್‌ಗೆ ಮೆದುಳು ಒಗ್ಗಿಹೋಗಿರುತ್ತದೆ. ಬಿಟ್ಟಾಗ ಸಿಡುಕು, ನಿದ್ದೆಗೇಡು, ಚಡಪಡಿಕೆ ಬರುವುದು ಅದರಿಂದ; ಮನಸ್ಸು ಗಟ್ಟಿ ಇಲ್ಲ ಅಂತಲ್ಲ. ಸಾಮಾನ್ಯವಾಗಿ ಮೊದಲ ಕೆಲವು ದಿನ ಈ ಕಷ್ಟ ಜೋರಾಗಿರುತ್ತದೆ, ಕೆಲವು ವಾರಗಳಲ್ಲಿ ತಗ್ಗುತ್ತದೆ. ಜಗಿಯುವ ತಂಬಾಕು ಮತ್ತು ಅಡಿಕೆ ಎರಡೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಹಾಗಾಗಿ ತಂಬಾಕು ಬಿಟ್ಟು ಬರೀ ಅಡಿಕೆ ಜಗಿಯುವುದೂ ಪರಿಹಾರವಲ್ಲ.

ಒಂದು ಸಲ ಬಿಟ್ಟು ಮತ್ತೆ ಶುರು ಮಾಡಿದವರು ಸೋತಂತೆ ಅಲ್ಲ. ಎಷ್ಟೋ ಜನ ಹಲವು ಪ್ರಯತ್ನಗಳ ನಂತರವೇ ಪೂರ್ತಿ ಬಿಟ್ಟಿದ್ದಾರೆ. ಆಪ್ತ ಸಲಹೆ, ನಿಕೋಟಿನ್ ಗಮ್, ವೈದ್ಯರು ಬರೆದುಕೊಡುವ ಔಷಧಿ ನೆರವಾಗುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯದ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಕರೆ ಉಚಿತ. ಕನ್ನಡದಲ್ಲೂ ಸಲಹೆ ಸಿಗುತ್ತದೆ.

ನಮ್ಮ ತೀರ್ಮಾನ

‘ಹ್ಯಾಬಿಟ್’ ಒಳಗೆ ‘ಬಿಟ್’, ‘ಇಟ್’ ಕಾಣುವುದು ನಿಜ. ಅವು ಅದರ ಮೂಲ ಎಂಬುದು ಸುಳ್ಳು. ಚಟ ಹೋಗುವುದೇ ಇಲ್ಲ ಎಂಬುದಕ್ಕೆ ಅದು ಸಾಕ್ಷಿ ಎಂಬುದೂ ಸುಳ್ಳು.

ಮುಂದಿನ ಸಲ ಆ ಮೆಸೇಜ್ ಬಂದಾಗ ಗ್ರೂಪಿನಲ್ಲಿ ಯಾರಾದರೂ ಬಿಡಲು ಒದ್ದಾಡುತ್ತಿರಬಹುದು ಎಂದು ನೆನಪಿಡಿ. ಅದರ ಬದಲು ಮೇಲಿನ ನಂಬರ್ ಫಾರ್ವರ್ಡ್ ಮಾಡಿ. ನಾರಾಯಣಪುರದ ಕಾಕಾ ಅವರಿಗೂ ನಾವು ಹೇಳುವುದು ಅದನ್ನೇ: ಇನ್ನೊಂದು ಸಲ ಪ್ರಯತ್ನ ಮಾಡ್ರಿ.