ಎಂಡನ್ ಹಡಗಿನ ದೇಶವು ಸೋತದ್ದೇಕೆ?

ನಮ್ಮ ನೆರೆಯ ಮಲಯಾಳಿ ಬಂಧುಗಳು ಭಾರೀ ಗಾತ್ರದ ವಸ್ತುವನ್ನೋ ಎದುರಿಸಲು ಕಷ್ಟವಾದ ಆಳನ್ನೋ ಕಂಡಾಗ ‘ಎಮಂಡನ್’ ಎಂದು ಉದ್ಗರಿಸುವುದನ್ನು ಕಾಸರಗೋಡಿನ ಕನ್ನಡಿಗರಾದ ನಾವು ಕೇಳಿಯೇ ಇದ್ದೇವೆ. ತಮಿಳರಲ್ಲಿಯೂ ಈ ಮಾತುಂಟು. ಆದರೆ ಅದು ಒಂದು ಜರ್ಮನ್ ಯುದ್ಧನೌಕೆಯ ಹೆಸರಿನಿಂದ ಹುಟ್ಟಿದ ಪದವೆಂಬುದನ್ನು ಬಲ್ಲವರು ವಿರಳ. 1914ನೆಯ ಇಸವಿ ಸೆಪ್ಟೆಂಬರ್ 22ರ ರಾತ್ರಿ ‘ಎಂಡನ್’ ಎಂಬ ಆ ನೌಕೆಯು ಮದರಾಸಿನ ಬಂದರಿನ ಸಮೀಪಕ್ಕೆ ಬಂದು, ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ಟಾಂಕಿಗಳ ಮೇಲೆ ಗುಂಡು ಹಾರಿಸಿ, ಬೆಂಕಿ ಹೊತ್ತಿಸಿ, ಕತ್ತಲಲ್ಲಿ ಮಾಯವಾಯಿತು. ನಮ್ಮ ಸೀಮೆಯು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಯುರೋಪಿನ ಯುದ್ಧವು ನಮ್ಮ ಪ್ರಾಂತದ ರಾಜಧಾನಿಯ ಕದವನ್ನೇ ತಟ್ಟಿತ್ತೆನ್ನಬೇಕು.

ಈ ಕತೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದು ನಿಂತು, “ಮಾಷ್ಟ್ರೇ, ಅಷ್ಟು ಗಟ್ಟಿಗರಾದರೆ ಅವರು ಸೋತದ್ದು ಯಾಕೆ?” ಎಂದು ಕೇಳಿದ. ಜರ್ಮನಿಯೆಂದೊಡನೆ ಹಿಟ್ಲರನನ್ನೇ ನೆನೆಯುವ ಮಕ್ಕಳ ನಡುವೆ ಆ ಪ್ರಶ್ನೆ ನನಗೆ ಸಂತೋಷ ತಂದಿತಾದರೂ, ಪಠ್ಯಪುಸ್ತಕದ ನಾಲ್ಕು ಸಾಲುಗಳಿಂದ ಅದಕ್ಕೆ ಸಮಾಧಾನ ಹೇಳಲು ಮನಸ್ಸು ಒಪ್ಪಲಿಲ್ಲ. ಅಂದು ಘಂಟೆ ಬಾರಿಸಿದ್ದರಿಂದ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ಣಗೊಳಿಸುತ್ತಿದ್ದೇನೆ.

ಸೋಲಿನ ಬೀಜವು ಯುದ್ಧಕ್ಕೆ ಮೊದಲೇ ಬಿದ್ದಿತ್ತು. ಭೂಸೈನ್ಯದಲ್ಲಿ ಅದ್ವಿತೀಯವಾಗಿದ್ದ ಜರ್ಮನಿಯು ನೌಕಾಧಿಪತಿ ಟಿರ್ಪಿಟ್ಸನ ಮಾತನ್ನು ಕೇಳಿ, 1898ರಿಂದ ಭಾರೀ ಯುದ್ಧನೌಕೆಗಳನ್ನು ಕಟ್ಟತೊಡಗಿತು. ಸಮುದ್ರವೇ ಪ್ರಾಣವಾಗಿದ್ದ ಇಂಗ್ಲೆಂಡಿಗೆ ಇದಕ್ಕಿಂತ ಮಿಗಿಲಾದ ಭಯ ಬೇರೊಂದಿರಲಿಲ್ಲ. ಅದು ತನ್ನ ಹಳೆಯ ಪ್ರತಿಸ್ಪರ್ಧಿಗಳಾದ ಫ್ರಾನ್ಸಿನೊಡನೆ 1904ರಲ್ಲಿಯೂ ರಷ್ಯದೊಡನೆ 1907ರಲ್ಲಿಯೂ ಒಪ್ಪಂದ ಮಾಡಿಕೊಂಡಿತು. 1914ರ ಆಗಸ್ಟಿನಲ್ಲಿ ಫ್ರಾನ್ಸನ್ನು ಸುಮಾರು ಆರು ವಾರಗಳಲ್ಲಿ ಸೋಲಿಸಿ ಬಳಿಕ ರಷ್ಯದ ಕಡೆಗೆ ತಿರುಗಬೇಕೆಂಬ ಯೋಜನೆಯಂತೆ ಜರ್ಮನ್ ಸೇನೆಯು ತಟಸ್ಥ ಬೆಲ್ಜಿಯಮಿನೊಳಕ್ಕೆ ನುಗ್ಗಿದಾಗ, ಇಂಗ್ಲೆಂಡ್ ಅದೇ ದಿನ ಯುದ್ಧ ಸಾರಿತು. ಆರು ವಾರಗಳ ಲೆಕ್ಕವು ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿಯೇ ಮುಗಿಯಿತು. ಅಲ್ಲಿಂದಾಚೆಗೆ ಕಂದಕಗಳ ಯುದ್ಧ.

ಇತ್ತ ಇಂಗ್ಲೆಂಡಿನ ನೌಕಾಬಲವು ಜರ್ಮನಿಯ ಸಮುದ್ರದ್ವಾರವನ್ನು ಮುಚ್ಚಿತು. ಗೊಬ್ಬರ, ಧಾನ್ಯ, ಕೊಬ್ಬು ಯಾವುದೂ ಹೊರಗಿನಿಂದ ಬರದಾಯಿತು. 1916ರಲ್ಲಿ ಬಟಾಟೆಯ ಬೆಳೆಯೂ ಕೆಟ್ಟಿತು. ದನಗಳಿಗೆ ಹಾಕುವ ಟರ್ನಿಪ್ ಗಡ್ಡೆಯನ್ನು ಮನುಷ್ಯರು ತಿಂದು ಬದುಕಿದ ಆ ಚಳಿಗಾಲವನ್ನು ಜರ್ಮನರು ಇಂದಿಗೂ ‘ಟರ್ನಿಪ್ ಚಳಿಗಾಲ’ವೆಂದೇ ಕರೆಯುತ್ತಾರೆ. ಟಿರ್ಪಿಟ್ಸನ ದೊಡ್ಡ ಹಡಗುಗಳಾದರೋ, 1916ರ ಮೇ ತಿಂಗಳ ಕೊನೆಯಲ್ಲಿ ಜಟ್ಲೆಂಡಿನ ಬಳಿ ಒಮ್ಮೆ ಮುಖ್ಯ ಕಾಳಗ ಮಾಡಿದ್ದನ್ನು ಬಿಟ್ಟರೆ ಬಹುತೇಕ ಬಂದರಿನಲ್ಲಿಯೇ ಲಂಗರು ಹಾಕಿದ್ದವು.

ಇಷ್ಟಾದರೂ ಆ ವರ್ಷದ ಕೊನೆಗೆ ಯುದ್ಧವು ಯಾರ ಕೈಗೂ ಸಿಕ್ಕಿರಲಿಲ್ಲ. ನಿಜವಾದ ತಪ್ಪು ನಡೆದದ್ದು 1917ನೆಯ ಇಸವಿ ಜನವರಿ 9ರಂದು, ಪ್ಲೆಸ್ ಎಂಬಲ್ಲಿನ ಕೋಟೆಮನೆಯಲ್ಲಿ. ನೌಕಾದಳದ ಮುಖ್ಯಸ್ಥ ಹೋಲ್ಟ್ಸೆನ್‌ಡಾರ್ಫನು ಕೈಸರನ ಮುಂದೆ ಒಂದು ಗಣಿತವನ್ನಿಟ್ಟನು. ಜಲಾಂತರ್ಗಾಮಿಗಳು ತಿಂಗಳಿಗೆ 6 ಲಕ್ಷ ಟನ್ನಿನಷ್ಟು ಹಡಗುಗಳನ್ನು ಮುಳುಗಿಸಿದರೆ, ತಟಸ್ಥ ದೇಶಗಳ ನೌಕೆಗಳು ಹೆದರಿ ಹಿಂದೆಗೆಯುತ್ತವೆ, ಐದು ತಿಂಗಳಲ್ಲಿ ಇಂಗ್ಲೆಂಡ್ ಹಸಿವಿನಿಂದ ಶರಣಾಗುತ್ತದೆ. ಎಚ್ಚರಿಕೆ ಕೊಡದೆ ಯಾರ ಹಡಗನ್ನಾದರೂ ಹೊಡೆಯುವುದಾದರೆ ಅಮೇರಿಕವು ಯುದ್ಧಕ್ಕಿಳಿಯಬಹುದೆಂಬ ಅರಿವು ಎಲ್ಲರಿಗೂ ಇತ್ತು. 1915ರಲ್ಲಿ ‘ಲೂಸಿಟಾನಿಯ’ ಮುಳುಗಿ ಸುಮಾರು 1,200 ಮಂದಿ ಸತ್ತಾಗಲೇ ಆ ದೇಶವು ಕೆರಳಿತ್ತು. ಆದರೆ ಅದರ ಸೈನಿಕರು ಬಂದು ತಲಪುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆಂದು ನೌಕಾದಳದವರು ನಂಬಿಸಿದರು. ಬಹುಕಾಲ ವಿರೋಧಿಸಿದ್ದ ಪ್ರಧಾನಿ ಬೆತ್‌ಮನ್ ಹೊಲ್ವೆಗನು ಕೊನೆಗೆ ತಲೆಬಾಗಿದನು. ಅವನ ಮೌನವನ್ನು ನಾನು ಕ್ಷಮಿಸಲಾರೆ. ಲೆಕ್ಕ ತಪ್ಪೆಂದು ಬಲ್ಲವನು ಲೆಕ್ಕಕ್ಕೆ ಸಹಿ ಹಾಕಬಾರದಿತ್ತು.

ಸೋಜಿಗವೆಂದರೆ, ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ! ಫೆಬ್ರವರಿ 1ರಿಂದ ಸುಮಾರು 100 ಜಲಾಂತರ್ಗಾಮಿಗಳೊಡನೆ ಆರಂಭವಾದ ಈ ಬೇಟೆಯಲ್ಲಿ, ಐದು ತಿಂಗಳ ಸರಾಸರಿಯು 6 ಲಕ್ಷ ಟನ್ನನ್ನು ದಾಟಿತು. ಏಪ್ರಿಲಿನಲ್ಲಂತೂ 8 ಲಕ್ಷವನ್ನೂ ಮೀರಿತು. ತಪ್ಪಿದ್ದು ಇಂಗ್ಲೆಂಡು ಕೈಕಟ್ಟಿ ಕುಳಿತಿರುತ್ತದೆಂಬ ಊಹೆಯಲ್ಲಿ. ಆಂಗ್ಲರು ಹುಲ್ಲುಗಾವಲುಗಳನ್ನು ಉತ್ತು ಧಾನ್ಯ ಬಿತ್ತಿದರು. ಮೇ ತಿಂಗಳಿನಿಂದ ಸರಕಿನ ಹಡಗುಗಳನ್ನು ಗುಂಪುಗೂಡಿಸಿ, ಯುದ್ಧನೌಕೆಗಳ ಕಾವಲಿನಲ್ಲಿ ಸಾಗಿಸಲಾರಂಭಿಸಿದರು. ಬಿಡಿಬಿಡಿಯಾಗಿ ಸಿಕ್ಕುತ್ತಿದ್ದ ಬೇಟೆಯು ವಿಶಾಲ ಸಾಗರದಲ್ಲಿ ಕಾಣಸಿಗುವುದೇ ಕಷ್ಟವಾಯಿತು.

ಇದರ ನಡುವೆ ಜರ್ಮನಿಯ ವಿದೇಶಾಂಗ ಕಾರ್ಯದರ್ಶಿ ಜಿಮ್ಮರ್‌ಮನ್, ಮೆಕ್ಸಿಕೋ ದೇಶವು ತಮ್ಮ ಕಡೆ ಸೇರಿದರೆ ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಗಳನ್ನು ಅದಕ್ಕೆ ಮರಳಿ ದೊರಕಿಸುವೆವೆಂಬ ಗುಪ್ತ ತಂತಿಯನ್ನು, ಅಮೇರಿಕದ ರಾಯಭಾರ ಕಚೇರಿಯ ತಂತಿಯ ಮೂಲಕವೇ ಕಳುಹಿಸಿದನು. ಆಂಗ್ಲರು ಅದರ ಸಂಕೇತವನ್ನು ಒಡೆದು ಓದಿದರು. ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಅದು ಬಂತು. ಸುಳ್ಳೆಂದು ಅಲ್ಲಗಳೆಯಬಹುದಾಗಿದ್ದ ಜಿಮ್ಮರ್‌ಮನ್ ಎರಡೇ ದಿನಗಳಲ್ಲಿ ‘ಹೌದು, ನಿಜ’ ಎಂದು ಒಪ್ಪಿಕೊಂಡನು. ಏಪ್ರಿಲ್ 6ರಂದು ಅಮೇರಿಕವು ಯುದ್ಧ ಘೋಷಿಸಿತು.

ಇನ್ನೆರಡು ತಿಂಗಳು ತಾಳಿದ್ದರೆ? ಮಾರ್ಚಿನಲ್ಲಿ ರಷ್ಯದ ಚಕ್ರವರ್ತಿಯು ಸಿಂಹಾಸನ ಬಿಟ್ಟನು. ಆ ವಸಂತದಲ್ಲಿಯೇ ಫ್ರೆಂಚ್ ಸೈನಿಕರು ಹಲವು ದಳಗಳಲ್ಲಿ ಮುಂದೆ ಹೋಗಲು ನಿರಾಕರಿಸಿದರು. ಅಮೇರಿಕದ ಸಾಲಕ್ಕೆ ಆಧಾರವಾಗಿ ಕೊಡಲು ಇಂಗ್ಲೆಂಡಿನ ಬಳಿ ಏನೂ ಉಳಿಯುವಂತಿರಲಿಲ್ಲ. ಮೂವರು ವೈರಿಗಳೂ ಏಕಕಾಲದಲ್ಲಿ ಬಳಲಿದ್ದ ಆ ಗಳಿಗೆಯಲ್ಲಿಯೇ ಹೊಸ ವೈರಿಯೊಬ್ಬನು ಹಣದ ಚೀಲದೊಡನೆ ಬರುವಂತೆ ಜರ್ಮನಿಯೇ ಮಾಡಿತು. ನನ್ನ ಮಟ್ಟಿಗೆ ಇಡೀ ಯುದ್ಧದ ಅತ್ಯಂತ ದುಬಾರಿಯ ಅವಸರ ಇದು.

1918ರ ಮಾರ್ಚ್ 21ರಂದು ಸೇನಾನಿ ಲೂಡೆನ್‌ಡಾರ್ಫನು ಅಮೇರಿಕನ್ನರು ಪೂರ್ಣವಾಗಿ ಬರುವ ಮುನ್ನವೇ ಗೆಲ್ಲಬೇಕೆಂದು ಪಶ್ಚಿಮದಲ್ಲಿ ಮಹಾದಾಳಿ ನಡೆಸಿದನು. ಸೇನೆಯು ಬಹುದೂರ ಮುನ್ನುಗ್ಗಿತು ನಿಜ. ಆದರೆ ಹಸಿದ ಸೈನಿಕರು ಶತ್ರುವಿನ ಉಗ್ರಾಣಗಳಲ್ಲಿ ಬಿಳಿ ರೊಟ್ಟಿಯನ್ನೂ ಮದ್ಯವನ್ನೂ ಕಂಡು ಅಲ್ಲಲ್ಲಿಯೇ ನಿಂತುಬಿಟ್ಟರು. ಆಯ್ದ ದಳಗಳು ಸವೆದುಹೋದವು. ಬೇಸಗೆಯ ವೇಳೆಗೆ ದಿನಕ್ಕೆ ಸುಮಾರು 10,000 ಅಮೇರಿಕನ್ ಸೈನಿಕರು ಫ್ರಾನ್ಸಿನಲ್ಲಿ ಇಳಿಯುತ್ತಿದ್ದರು. ಯುದ್ಧ ಮುಗಿಯುವಾಗ ಅವರ ಸಂಖ್ಯೆ ಸುಮಾರು 20 ಲಕ್ಷ.

ಇನ್ನು ಆ ದೊಡ್ಡ ಹಡಗುಗಳ ಕತೆ. 1918ರ ಅಕ್ಟೋಬರ್ ಕೊನೆಯಲ್ಲಿ, ಎಲ್ಲವೂ ಮುಗಿದ ಮೇಲೆ, ಅವುಗಳಿಗೆ ಕಡೆಯ ಕಾಳಗಕ್ಕೆ ಹೊರಡಲು ಆಜ್ಞೆಯಾಯಿತು. ನಾವಿಕರು ಬಾಯ್ಲರುಗಳ ಬೆಂಕಿಯನ್ನೇ ಆರಿಸಿದರು. ದಂಗೆಯು ಕೀಲ್ ಬಂದರಿಗೂ ಅಲ್ಲಿಂದ ಬರ್ಲಿನ್ನಿಗೂ ಹಬ್ಬಿತು. ಕೈಸರನು ಹಾಲೆಂಡಿಗೆ ಓಡಿಹೋದನು. ನವೆಂಬರ್ 11ರಂದು ಯುದ್ಧವು ನಿಂತಿತು. ನೌಕಾಬಲದ ಮುಖ್ಯ ಭಾಗವಾದ 74 ಹಡಗುಗಳನ್ನು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಎಂಬಲ್ಲಿ ಆಂಗ್ಲರ ಕಾವಲಿನಲ್ಲಿರಿಸಲಾಯಿತು. 1919ನೆಯ ಇಸವಿ ಜೂನ್ 21ರಂದು ಜರ್ಮನ್ ನಾವಿಕರೇ ಅವುಗಳೊಳಗೆ ನೀರು ನುಗ್ಗಿಸಿದರು. ಸಂಜೆಯಾಗುವಷ್ಟರಲ್ಲಿ 52 ಹಡಗುಗಳು ಮುಳುಗಿದ್ದವು.