ಫಾರ್ಮುಲಾದಿಂದ ನ್ಯಾಸ್ಕಾರ್‌ಗೆ: ಸೊನೋಮಾದಲ್ಲಿ ಗೆದ್ದವರಿಗೂ ಓವಲ್ ಏಕೆ ಕಷ್ಟ?

ಸನ್ನಿವೇಲ್: ಊರಿನಲ್ಲಿದ್ದಾಗ ಕಾರ್ ರೇಸ್ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಫಾರ್ಮುಲಾ ಒನ್ ಒಂದೇ. ಭಾನುವಾರ ಟಿವಿ ಮುಂದೆ ಕೂತು ಶೂಮಾಕರ್, ಹಾಕಿನೆನ್ ಎಂದು ಪಕ್ಷ ಕಟ್ಟಿಕೊಂಡು ವಾದ ಮಾಡಿದವರು ನಾವು. ಅಮೆರಿಕಕ್ಕೆ ಬಂದ ಮೇಲೆ ಎದುರಾಗುವುದು ನ್ಯಾಸ್ಕಾರ್. ತಲೆಯ ಮೇಲೆ ಛಾವಣಿ, ಮೈತುಂಬಾ ಜಾಹೀರಾತು, ದುಂಡನೆಯ ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಎಡಕ್ಕೇ ತಿರುಗುವ ಕಾರುಗಳು. "ಇದರಲ್ಲೇನು ಮಹಾ ಇದೆ?" ಎಂದು ಚಾನೆಲ್ ಬದಲಿಸಿದವರೇ ಹೆಚ್ಚು. ಆದರೆ ಫಾರ್ಮುಲಾ ಒನ್‌ನಲ್ಲಿ ಗೆದ್ದ ಒಬ್ಬ ಚಾಲಕ ಈ "ಏನು ಮಹಾ"ದ ಮುಂದೆ ಏಳು ವರ್ಷ ಒದ್ದಾಡಿದ ಕಥೆ ಕೇಳಿದರೆ ರಿಮೋಟ್ ಕೆಳಗಿಡಬೇಕು ಅನ್ನಿಸುತ್ತದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಪಕ್ಕದ ಸೊನೋಮಾದಲ್ಲೇ.

ಆತ ಕೊಲಂಬಿಯಾದ ಹ್ವಾನ್ ಪಾಬ್ಲೊ ಮೊಂಟೊಯಾ. 2000ದಲ್ಲಿ ಇಂಡಿ 500, 2003ರಲ್ಲಿ ಮೊನಾಕೊ, ಫಾರ್ಮುಲಾ ಒನ್‌ನಲ್ಲಿ ಒಟ್ಟು ಏಳು ಗೆಲುವು. 2006ರಲ್ಲಿ ಋತುವಿನ ಮಧ್ಯದಲ್ಲೇ ಆ ಲೋಕ ಬಿಟ್ಟು ನ್ಯಾಸ್ಕಾರ್‌ಗೆ ಬಂದರು. 2007ರ ಜೂನ್ 24ರಂದು ಸೊನೋಮಾ ಟ್ರ್ಯಾಕಿನಲ್ಲಿ (ಆಗ ಅದರ ಹೆಸರು ಇನ್ಫಿನಿಯನ್ ರೇಸ್‌ವೇ) 32ನೇ ಸ್ಥಾನದಿಂದ ಹೊರಟು, ಪೆಟ್ರೋಲ್ ಮುಗಿಯುತ್ತದೆಯೋ ಉಳಿಯುತ್ತದೆಯೋ ಎನ್ನುವ ಆತಂಕದಲ್ಲೇ ಉಳಿಸಿ ಉಳಿಸಿ ಓಡಿಸಿ ಗೆದ್ದೇಬಿಟ್ಟರು. ಬಂದ ವರ್ಷವೇ ಗೆಲುವು! ಇನ್ನು ಇವರನ್ನು ಹಿಡಿಯುವವರಿಲ್ಲ ಎಂದುಕೊಂಡವರು ಆ ದಿನ ಕಡಿಮೆ ಇರಲಿಲ್ಲ.

ಆದರೆ ಗಮನಿಸಬೇಕಾದದ್ದು ಬೇರೆ ಇದೆ. ಸೊನೋಮಾ ಗುಡ್ಡ ಹತ್ತಿ ಇಳಿಯುವ, ಎಡಕ್ಕೂ ಬಲಕ್ಕೂ ತಿರುಗುವ ರಸ್ತೆಯಂಥ ಟ್ರ್ಯಾಕು, ಅಂದರೆ ಫಾರ್ಮುಲಾ ಚಾಲಕರ ತವರುಮನೆ. ಆ ವರ್ಷದ 36 ರೇಸ್‌ಗಳಲ್ಲಿ ಇಂಥವು ಎರಡೇ: ಸೊನೋಮಾ ಮತ್ತು ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್. ಉಳಿದ 34 ಓವಲ್. ಮೊಂಟೊಯಾ ಅವರ ಎರಡನೆಯ ಗೆಲುವು ಬಂದದ್ದು 2010ರಲ್ಲಿ, ಅದೂ ವಾಟ್ಕಿನ್ಸ್ ಗ್ಲೆನ್‌ನಲ್ಲಿ. ನ್ಯಾಸ್ಕಾರ್‌ನ ಮುಖ್ಯ ಸರಣಿಯಲ್ಲಿ ಓವಲ್ ಗೆಲುವು ಅವರಿಗೆ ಒಲಿಯಲೇ ಇಲ್ಲ.

ಯಾಕೆ? ತೆಂಕುತಿಟ್ಟಿನ ಕಲಾವಿದ ಬಡಗಿನ ಮೇಳಕ್ಕೆ ಹೋದ ಹಾಗೆ ಅನ್ನಬಹುದು. ಪ್ರಸಂಗ ಅದೇ, ಹೆಜ್ಜೆ ಬೇರೆ. ಚಕ್ರಗಳು ಮೈಯಿಂದ ಹೊರಗೆ ಚಾಚಿರುವ ಒಂಟಿ ಸೀಟಿನ ಕಾರನ್ನು ಓಪನ್ ವೀಲ್ ಎನ್ನುತ್ತಾರೆ. ಆಗಿನ ಫಾರ್ಮುಲಾ ಒನ್ ಕಾರು ಚಾಲಕನೂ ಸೇರಿ ಸುಮಾರು 600 ಕೆಜಿ. ಸ್ಟಾಕ್ ಕಾರು ಚಾಲಕನಿಲ್ಲದೆಯೇ 1500 ಕೆಜಿ ದಾಟುತ್ತಿತ್ತು. ಹಗುರ ಕಾರನ್ನು ರೆಕ್ಕೆಗಳ ಮೇಲಿನ ಗಾಳಿ ನೆಲಕ್ಕೆ ಒತ್ತಿ ಹಿಡಿಯುತ್ತದೆ, ವೇಗ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಅಲ್ಲಿ ಕಾರು ಜಾರಿತೆಂದರೆ ಏನೋ ತಪ್ಪಾಗಿದೆ ಎಂದರ್ಥ. ಭಾರದ ಸ್ಟಾಕ್ ಕಾರಿನಲ್ಲಿ ಸ್ವಲ್ಪ ಜಾರುತ್ತಲೇ ಇರುವುದು ಮಾಮೂಲು, ಅದನ್ನು ಸಹಿಸಿಕೊಂಡು ಓಡಿಸುವುದೇ ವಿದ್ಯೆ. ಗೇರ್ ಬದಲಿಸಲು ಸ್ಟಿಯರಿಂಗ್ ಹಿಂದಿನ ಪುಟ್ಟ ಪಟ್ಟಿ ಒತ್ತುತ್ತಿದ್ದ ಕೈಗೆ ಇಲ್ಲಿ ನಾಲ್ಕು ಗೇರಿನ ಹಳೇ ಕಾಲದ ಕೋಲು. ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಇಲ್ಲ. ಫಾರ್ಮುಲಾ ಒನ್‌ನಲ್ಲಿ ಮೊಂಟೊಯಾ ಅವರಿಗೆ ಅದು ಇತ್ತು.

ಕಾರುಗಳು ಒಂದಕ್ಕೊಂದು ಅಂಟಿಕೊಂಡು ಓಡುವುದು ಇನ್ನೊಂದು. ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಇದರ ಗುಟ್ಟು ಗೊತ್ತು, ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಸಲೀಸು. ಓಪನ್ ವೀಲ್‌ನಲ್ಲಿ ಚಕ್ರಕ್ಕೆ ಚಕ್ರ ತಗುಲಿದರೆ ಕಾರು ಗಾಳಿಗೆ ಹಾರಬಹುದು. ನ್ಯಾಸ್ಕಾರ್‌ನಲ್ಲಿ ಮೈಗೆ ಮೈ ಉಜ್ಜುವುದೂ ಹಿಂದಿನಿಂದ ಮೆಲ್ಲಗೆ ತಳ್ಳುವುದೂ ಆಟದ ಭಾಗ. ಪಕ್ಕದಲ್ಲಿ ಯಾರಿದ್ದಾರೆ ಎಂದು ಕನ್ನಡಿಯಲ್ಲಿ ಪೂರ್ತಿ ಕಾಣುವುದಿಲ್ಲ. ಅದಕ್ಕೇ ಸ್ಪಾಟರ್ ಎಂಬಾತ ಎತ್ತರದಲ್ಲಿ ನಿಂತು ರೇಡಿಯೋದಲ್ಲಿ "ಒಳಗಿದ್ದಾನೆ, ಹೊರಗಿದ್ದಾನೆ, ಖಾಲಿ" ಎಂದು ಹೇಳುತ್ತಲೇ ಇರುತ್ತಾನೆ. ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬಲು ಕಲಿಯಬೇಕು.

ಹೊಟ್ಟೆ ಉರಿಸುವ ಪ್ರಸಂಗವೊಂದಿದೆ. 2009ರಲ್ಲಿ ಇಂಡಿಯನಾಪೊಲಿಸ್ ಓವಲ್‌ನಲ್ಲಿ 160 ಸುತ್ತುಗಳ ಪೈಕಿ 116ರಲ್ಲಿ ಮೊಂಟೊಯಾ ಅವರೇ ಮುಂದಿದ್ದರು. ಕೊನೆಯ ಹಂತದಲ್ಲಿ ಟೈರು ಬದಲಿಸಲು ಪಿಟ್ ರಸ್ತೆಗೆ ಬಂದಾಗ ವೇಗದ ಮಿತಿ ದಾಟಿದರೆಂದು ದಂಡ ಬಿತ್ತು, ಮುಗಿಸಿದ್ದು 11ನೇ ಸ್ಥಾನದಲ್ಲಿ. ತಾನು ಮಿತಿ ಮೀರಿಲ್ಲ ಎಂದು ಅವರು ರೇಡಿಯೋದಲ್ಲಿ ಕೂಗಾಡಿದರೂ ಫಲವಿಲ್ಲ. ಫಾರ್ಮುಲಾ ಒನ್‌ನಲ್ಲಿ ಪಿಟ್‌ಗೆ ಬರುವಾಗ ಒಂದು ಗುಂಡಿ ಒತ್ತಿದರೆ ಕಾರೇ ಮಿತಿಯಲ್ಲಿ ನಿಲ್ಲುತ್ತದೆ. ನ್ಯಾಸ್ಕಾರ್ ಕಾರಿನಲ್ಲಿ ಆಗ ಸ್ಪೀಡೋಮೀಟರ್ ಕೂಡ ಇರಲಿಲ್ಲ! ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ನೋಡಿ ವೇಗವನ್ನು ಲೆಕ್ಕ ಹಾಕಬೇಕು.

ಅವರೊಬ್ಬರೇ ಅಲ್ಲ. 2007ರ ಇಂಡಿ 500 ಗೆದ್ದ ಡಾರಿಯೊ ಫ್ರಾಂಕಿಟ್ಟಿ 2008ರಲ್ಲಿ ಬಂದರು. ಟ್ಯಾಲಡೇಗಾದಲ್ಲಿ ಕಾಲಿನ ಗಿಣ್ಣು ಮುರಿಯಿತು, ಪ್ರಾಯೋಜಕರಿಲ್ಲದೆ ಅರ್ಧ ವರ್ಷಕ್ಕೇ ತಂಡ ಮುಚ್ಚಿತು. ಇಂಡಿಕಾರ್‌ಗೆ ಮರಳಿ ಸತತ ಮೂರು ವರ್ಷ ಚಾಂಪಿಯನ್ ಆದರು. ಕೈ ಮರೆತಿರಲಿಲ್ಲ, ಕಾರು ಬೇರೆಯಾಗಿತ್ತು ಅಷ್ಟೇ. ಮೊಂಟೊಯಾ ಕೂಡ 2014ರಲ್ಲಿ ಮರಳಿ, 2015ರಲ್ಲಿ ಮತ್ತೆ ಇಂಡಿ 500 ಗೆದ್ದರು.

ಹಾಗಾದರೆ ಓಪನ್ ವೀಲ್‌ನಿಂದ ಬಂದು ಗೆದ್ದವರೇ ಇಲ್ಲವೇ? ಇದ್ದಾರೆ, ನಮ್ಮ ಸುತ್ತಮುತ್ತಲೇ! ನಾಲ್ಕು ಬಾರಿ ಚಾಂಪಿಯನ್ ಆದ ಜೆಫ್ ಗಾರ್ಡನ್ ಹುಟ್ಟಿದ್ದು ವಲೇಹೊದಲ್ಲಿ. 2021ರ ಚಾಂಪಿಯನ್ ಕೈಲ್ ಲಾರ್ಸನ್ ಸ್ಯಾಕ್ರಮೆಂಟೊ ಬಳಿಯ ಎಲ್ಕ್ ಗ್ರೋವ್‌ನವರು. ಇಬ್ಬರೂ ಚಿಕ್ಕಂದಿನಿಂದ ಓಡಿಸಿದ್ದು ಓಪನ್ ವೀಲ್ ಕಾರುಗಳನ್ನೇ. ಆದರೆ ಅವು ಫಾರ್ಮುಲಾ ಅಲ್ಲ, ಸ್ಪ್ರಿಂಟ್ ಕಾರು, ಮಿಡ್ಜೆಟ್‌ಗಳು. ಮಣ್ಣಿನ ಓವಲ್‌ನಲ್ಲಿ ಹಿಂಬದಿ ಜಾರಿಸುತ್ತಾ, ಸ್ಟಿಯರಿಂಗ್ ಬಲಕ್ಕೆ ಹಿಡಿದು ಎಡಕ್ಕೆ ತಿರುಗುವ ಕಾರುಗಳು. ಜಾರುವುದನ್ನೇ ಮೊದಲ ಪಾಠವಾಗಿ ಕಲಿತವರಿಗೆ ಸ್ಟಾಕ್ ಕಾರು ಅಪರಿಚಿತವಲ್ಲ. ಗೋ-ಕಾರ್ಟ್ ಹುಚ್ಚು ಹಿಡಿದ ಮಕ್ಕಳಿರುವ ನಮ್ಮ ಮನೆಗಳಲ್ಲಿ ಇದು ಕಾಲಹರಣದ ಮಾತಲ್ಲ. ಈ ಕ್ರೀಡೆಗೆ ಬೀಳುವ ಖರ್ಚು ನೋಡಿದರೆ, ಮಗು ಯಾವ ಟ್ರ್ಯಾಕಿನಲ್ಲಿ ಕಲಿಯುತ್ತದೆ ಎಂಬುದು ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ.

ಈ ದಾರಿಯಲ್ಲಿ ನಮ್ಮವರೂ ನಡೆದಿದ್ದಾರೆ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರ್‌ನ ಟ್ರಕ್ ಸರಣಿಗೆ ಬಂದು, ಮಾರ್ಟಿನ್ಸ್‌ವಿಲ್‌ನ ಪುಟ್ಟ ಓವಲ್‌ನಲ್ಲಿ ಮೊದಲ ರೇಸನ್ನೇ 13ನೇ ಸ್ಥಾನದಲ್ಲಿ ಮುಗಿಸಿದರು. ಆ ವರ್ಷ ಆ ಸರಣಿಯ ಅತಿ ಜನಪ್ರಿಯ ಚಾಲಕನ ಪ್ರಶಸ್ತಿಯೂ ಅವರಿಗೇ ಬಂತು, ಅಭಿಮಾನಿಗಳ ವೋಟಿನ ಮಹಿಮೆ! ಮರುವರ್ಷ ಫಾರ್ಮುಲಾ ಒನ್‌ಗೆ ಮರಳಿದರು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ ಟೂನಲ್ಲಿದ್ದವರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಛಾವಣಿಯ ಮರ್ಸಿಡಿಸ್ ಹತ್ತಿದರು, ಆ ಸರಣಿಗೆ ಕಾಲಿಟ್ಟ ಮೊದಲ ಭಾರತೀಯ. ಅದು ಸ್ಟಾಕ್ ಕಾರಲ್ಲ, ಆದರೆ ಭಾರದ ಕಾರಿಗೆ ಒಗ್ಗಿಕೊಳ್ಳುವ ಪಾಡು ಹೆಚ್ಚುಕಡಿಮೆ ಅದೇ.

ನ್ಯಾಸ್ಕಾರ್ ಕೂಡ ಬದಲಾಗಿದೆ. 2022ರಲ್ಲಿ ಬಂದ ಹೊಸ ಕಾರಿನಲ್ಲಿ ಐದು ಗೇರು, ಮುಂದಕ್ಕೆ ಹಿಂದಕ್ಕೆ ತಳ್ಳಿದರೆ ಸಾಕು. ರಸ್ತೆ ಮಾದರಿಯ ಟ್ರ್ಯಾಕುಗಳೂ ಹೆಚ್ಚಿವೆ, ಹೊರಗಿನಿಂದ ಬರುವವರಿಗೆ ಬಾಗಿಲು ಮೊದಲಿಗಿಂತ ಅಗಲ.

ಸೊನೋಮಾ ರೇಸಿಗೆ ಹೋಗುವ ಮನಸ್ಸಿದ್ದರೆ ಸನ್ನಿವೇಲ್‌ನಿಂದ 880, 80 ಹಿಡಿದು ವಲೇಹೊ ದಾಟಿ ಹೈವೇ 37ಕ್ಕೆ ತಿರುಗಿ. ಬೆಳಿಗ್ಗೆ ಬೇಗ ಹೊರಡಿ, ಟ್ರಾಫಿಕ್ ಹೇಳತೀರದು. ಸಾಧ್ಯವಾದರೆ 11ನೇ ತಿರುವು ಕಾಣುವ ಜಾಗ ಹಿಡಿಯಿರಿ, ಭಾರದ ಕಾರನ್ನು ಬ್ರೇಕ್ ಹಾಕಿ ತಿರುಗಿಸುವ ಕಷ್ಟ ಅಲ್ಲಿ ಚೆನ್ನಾಗಿ ಕಾಣುತ್ತದೆ. ಚಾಲಕರ ಮತ್ತು ಸ್ಪಾಟರ್‌ಗಳ ಮಾತು ಕೇಳಲು ಸ್ಕ್ಯಾನರ್ ಬಾಡಿಗೆಗೆ ಸಿಕ್ಕರೆ ಬಿಡಬೇಡಿ. ಮಕ್ಕಳ ಕಿವಿಗೆ ರಕ್ಷಣೆ ಮಾತ್ರ ಮನೆಯಿಂದಲೇ ಒಯ್ಯಿರಿ, ಮೊಸರನ್ನದ ಡಬ್ಬಿ ಮರೆತರೂ ಪರವಾಗಿಲ್ಲ.