ಹನುಮಾನ್ ಘಾಟ್‌ನ ಮನೆಯಲ್ಲಿ ಮಿದುಳು ಹವಳ ಬದುಕೀತೇ?



ದೊಡ್ಡ ನಗರಗಳ ಅಕ್ವೇರಿಯಂ ಅಂಗಡಿಗಳಲ್ಲಿ ಈಗ ಗೋಲ್ಡ್‌ಫಿಷ್, ಗಪ್ಪಿಗಳಷ್ಟೇ ಇರುವುದಿಲ್ಲ. ಕೆಲವು ಕಡೆ ಒಳಕೋಣೆಯಲ್ಲಿ ನೀಲಿ ದೀಪದ ಕೆಳಗೆ ಉಪ್ಪುನೀರಿನ ತೊಟ್ಟಿಯೂ ಇರುತ್ತದೆ. ಅದರಲ್ಲಿ ಹಸಿರೋ ಕೆಂಪೋ ಬಣ್ಣದ, ಮೈತುಂಬ ಅಂಕುಡೊಂಕು ಮಡಿಕೆಗಳಿರುವ ಒಂದು ಉಂಡೆ ಕಾಣಬಹುದು. ನೋಡಿದ ಕೂಡಲೇ ಅಕ್ರೋಟಿನ ತಿರುಳು ನೆನಪಾಗುತ್ತದೆ, ಇಲ್ಲವೇ ಮಿದುಳು. ಅದಕ್ಕೇ ಅದರ ಹೆಸರು ಮಿದುಳು ಹವಳ. "ಇದನ್ನು ಮನೆಯಲ್ಲಿ ಸಾಕಬಹುದಾ?" ಎಂದು ನಿಮಗೂ ಅನ್ನಿಸಿದ್ದರೆ ಈ ಬಾರಿಯ ಪುಟ ನಿಮಗಾಗಿ.

ಉತ್ತರ ಹುಡುಕಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಊರು ಕಾಶಿ. ಹರಿಶ್ಚಂದ್ರ ಘಾಟ್‌ನ ಪಕ್ಕದಲ್ಲೇ ನಮ್ಮ ಕರ್ನಾಟಕ ಘಾಟ್, ಅದರಾಚೆಗೆ ಹನುಮಾನ್ ಘಾಟ್. ದಕ್ಷಿಣ ಭಾರತದ ಕುಟುಂಬಗಳು ತಲೆತಲಾಂತರದಿಂದ ನೆಲೆಸಿರುವ ಓಣಿಗಳು ಅವು. ಆ ಓಣಿಯ ಒಂದು ಕನ್ನಡ ಮನೆಯಲ್ಲಿ 200 ಲೀಟರಿನ ಗಾಜಿನ ತೊಟ್ಟಿ ಇದೆ ಎನ್ನಿ. ಕಾಶಿಯೇ ಯಾಕೆ ಅಂತೀರಾ? ಸಮುದ್ರ ಅಲ್ಲಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಹವಳಕ್ಕೆ ಏನೇನು ಬೇಕೆಂದು ಲೆಕ್ಕ ಹಾಕಿದರೆ ದೆಹಲಿಯ ಫ್ಲ್ಯಾಟಿಗೂ ಬೆಂಗಳೂರಿನ ಮನೆಗೂ ಅದೇ ಲೆಕ್ಕ. ಮುಂಬೈ, ಚೆನ್ನೈನವರೂ ದಡದ ಕೊಳಕು ನೀರನ್ನು ತಂದು ಸುರಿಯುವಂತಿಲ್ಲ. ಹೀಗಾಗಿ ಅವರೂ ಇದೇ ಸಾಲಿಗೆ ಸೇರಿದವರು!

ಕಲ್ಲಲ್ಲ, ಗಿಡವಲ್ಲ, ಪ್ರಾಣಿ

ಹವಳ ಎಂದರೆ ನಮಗೆ ನೆನಪಾಗುವುದು ಕುಜನಿಗೆಂದು ಹಾಕಿಕೊಳ್ಳುವ ಕೆಂಪು ಹವಳದ ಉಂಗುರ. ಅದು ಬೇರೆ ಜಾತಿ. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ದಿಬ್ಬ ಕಟ್ಟುವುದಿಲ್ಲ. ಮಿದುಳು ಹವಳ ಗಟ್ಟಿ ಹವಳಗಳ ಗುಂಪಿಗೆ ಸೇರಿದ್ದು. ಸಮುದ್ರದಲ್ಲಿ ಹವಳದ ದಿಬ್ಬಗಳನ್ನು ಕಟ್ಟುವವು ಮುಖ್ಯವಾಗಿ ಇವೇ.

ಹೆಸರಿನಲ್ಲಿ ಮಿದುಳಿದ್ದರೂ ಅದಕ್ಕೆ ಮಿದುಳಿಲ್ಲ. ಪಾಲಿಪ್ ಎಂಬ ಮೆತ್ತನೆಯ ಪುಟ್ಟ ಪ್ರಾಣಿಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಅಡಿಗೆ ಸುಣ್ಣದ ಕಲ್ಲು ಕಟ್ಟುತ್ತಾ ಹೋಗುತ್ತವೆ. ಆ ಮೆತ್ತನೆಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಮನೆಯೊಡತಿಗೆ ಬಾಡಿಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಈ ಬಾಡಿಗೆಯಿಂದಲೇ ಬರುತ್ತದೆ. ಬಾಡಿಗೆದಾರ ಓಡಿಹೋದರೆ ಹವಳ ಬಿಳಿಚಿಕೊಂಡು ಹಸಿಯುತ್ತದೆ.

ಉಂಡೆಯಂತೆ ಬೆಳೆಯುವ ಇಂಥ ಹವಳಗಳು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಫುಟ್‌ಬಾಲ್ ಗಾತ್ರದ ಒಂದು ಉಂಡೆಯ ಹಿಂದೆ ಹತ್ತಾರು ವರ್ಷಗಳಿರುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಸಮುದ್ರ ತಯಾರಾಗಬೇಕು

ಗಂಗಾಜಲ ಪೂಜೆಗೆ ಶ್ರೇಷ್ಠ. ಆದರೆ ಹವಳಕ್ಕೆ ಯಾವ ಸಿಹಿನೀರೂ ವಿಷಕ್ಕೆ ಸಮ. ಅದರ ಜೀವಕೋಶಗಳು ನೀರು ಕುಡಿದು ಊದಿ ಹಾಳಾಗುತ್ತವೆ. ಆದ್ದರಿಂದ ಹನುಮಾನ್ ಘಾಟ್‌ನ ಮನೆಯವರು ಮೊದಲು ನಲ್ಲಿ ನೀರನ್ನು ಆರ್‌ಓ ಯಂತ್ರದಲ್ಲಿ ಶುದ್ಧ ಮಾಡಿ, ಅದಕ್ಕೆ ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪನ್ನು ಬೆರೆಸಬೇಕು. ಅಡುಗೆ ಉಪ್ಪು ನಡೆಯದು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7 ಕಿಲೋ ಉಪ್ಪು ಬೇಕು. ಆಮೇಲೆ ಪ್ರತಿ ವಾರ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ಪ್ರತಿ ಸಲ 700 ಗ್ರಾಂ.

ನೀರು ಆರಿದಾಗ ಉಪ್ಪು ಆರುವುದಿಲ್ಲ. ಹಾಗಾಗಿ ದಿನವೂ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಇಲ್ಲಿ ಎಡವಿ ಉಪ್ಪುನೀರನ್ನೇ ಸುರಿದರೆ ತೊಟ್ಟಿ ದಿನದಿಂದ ದಿನಕ್ಕೆ ಉಪ್ಪಾಗುತ್ತಾ ಹೋಗುತ್ತದೆ.

ನೀರು ಸಿದ್ಧವಾದ ಮಾತ್ರಕ್ಕೆ ಹವಳ ಇಡುವಂತಿಲ್ಲ. ಮೀನಿನ ಕಸುರು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಕಲ್ಲು, ಮರಳುಗಳಲ್ಲಿ ನೆಲೆಸಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುವ ಹಾಗೆ ಇದಕ್ಕೂ ಕಾಯಬೇಕು, ಆದರೆ ಒಂದು ರಾತ್ರಿಯಲ್ಲ, ನಾಲ್ಕರಿಂದ ಎಂಟು ವಾರ. ಗಟ್ಟಿ ಹವಳಕ್ಕಾದರೆ ಆರು ತಿಂಗಳು ಕಾಯುವವರಿದ್ದಾರೆ.

ಬಿಸಿಲು ಮತ್ತು ಕರೆಂಟು

ಮಿದುಳು ಹವಳಕ್ಕೆ ಹಿತವಾದ ತಾಪ 24ರಿಂದ 27 ಡಿಗ್ರಿ. ಕಾಶಿಯಲ್ಲಿ ಮೇ, ಜೂನ್‌ನಲ್ಲಿ 45 ಡಿಗ್ರಿ ಮುಟ್ಟುವುದುಂಟು. ಸಮುದ್ರದಲ್ಲೇ ಬೇಸಿಗೆಯ ಸಹಜ ತಾಪಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಬಿಳಿಚಿಕೊಳ್ಳುತ್ತದೆ. ನಮ್ಮ ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿದವು. ಹಾಗಿರುವಾಗ ಸಣ್ಣ ಗಾಜಿನ ತೊಟ್ಟಿಯ ಗತಿ ಏನು? ಚಿಲ್ಲರ್ ಎಂಬ ತಂಪು ಮಾಡುವ ಯಂತ್ರ ಬೇಸಿಗೆಯಿಡೀ ಓಡುತ್ತಿರಬೇಕು. ನೀರನ್ನು ತಿರುಗಿಸುವ ಪಂಪ್ ಅಂತೂ ವರ್ಷಪೂರ್ತಿ ನಿಲ್ಲುವಂತಿಲ್ಲ. ಕರೆಂಟು ಹೋಗಿ ಪಂಪ್ ನಿಂತರೆ ನೀರಿನ ಆಮ್ಲಜನಕ ಗಂಟೆಗಳಲ್ಲೇ ಇಳಿಯುತ್ತದೆ. ಇನ್ವರ್ಟರ್ ಇಲ್ಲದ ಮನೆಯಲ್ಲಿ, ಎಲ್ಲರೂ ನಾಲ್ಕು ದಿನ ಊರಿಗೆ ಹೋಗುವ ಮನೆಯಲ್ಲಿ ಹವಳ ಉಳಿಯುವುದಿಲ್ಲ.

ಊಟ, ನೆರೆಹೊರೆ ಮತ್ತು ಸುಣ್ಣ

ಬೆಳಕು ಹದವಾಗಿರಬೇಕು, ನೀರಿನ ಸೆಳೆತವೂ ಹದವಾಗಿರಬೇಕು. ಮಾಂಸಲ ಮೈಯ ತೆರೆದ ಮಿದುಳು ಹವಳವನ್ನು ಕಲ್ಲಿನ ಮೇಲಲ್ಲ, ಮರಳಿನ ಮೇಲೆ ಇಡುತ್ತಾರೆ. ಎತ್ತುವಾಗ ಕೆಳಗಿನ ಗಟ್ಟಿ ಭಾಗ ಹಿಡಿಯಬೇಕು. ಮೈ ಹಿಡಿದರೆ ಹರಿದು ಕೊಳೆಯುತ್ತದೆ.

ಪಾಚಿಯ ಬಾಡಿಗೆ ಸಾಲದೆಂಬಂತೆ ರಾತ್ರಿ ಅದು ಬೇಟೆಗೂ ಇಳಿಯುತ್ತದೆ. ದೀಪ ಆರಿದ ಮೇಲೆ ನೂಲಿನಂಥ ಕೈಗಳನ್ನು ಹೊರಚಾಚುತ್ತದೆ. ಆಗ ವಾರಕ್ಕೆ ಒಂದೆರಡು ಸಲ ಸೀಗಡಿಯ ಸಣ್ಣ ಚೂರು ಕೊಡುತ್ತಾರೆ. ಅದೇ ಕೈಗಳು ಪಕ್ಕದ ಹವಳವನ್ನು ಕುಟುಕಿ ಸುಡುತ್ತವೆ. ಹಾಗಾಗಿ ಎರಡರ ನಡುವೆ ಒಂದು ಗೇಣಾದರೂ ಜಾಗ ಬಿಡಬೇಕು. ಇನ್ನೊಂದು ಮಾತು: ಮೀನಿನ ಕಾಯಿಲೆಗೆ ಹಾಕುವ ತಾಮ್ರದ ಔಷಧ ಹವಳವನ್ನು ಕೊಲ್ಲುತ್ತದೆ.

ಕೊನೆಗೆ ಸುಣ್ಣ. ಕಲ್ಲು ಕಟ್ಟುವ ಈ ಪ್ರಾಣಿ ನೀರಿನ ಕ್ಯಾಲ್ಸಿಯಂ ಹೀರುತ್ತಲೇ ಇರುತ್ತದೆ. ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 8.1ರಿಂದ 8.4ರ ಪಿಎಚ್ ಕಾಯ್ದುಕೊಳ್ಳಲು ಆಗಾಗ ಪರೀಕ್ಷೆ ಮಾಡಬೇಕು. ಹವ್ಯಾಸಿಗಳು ರಾತ್ರಿ ಹೊತ್ತು ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುತ್ತಾರೆ. ಬನಾರಸಿ ಪಾನ್‌ಗೆ ಹಚ್ಚುವ ಸುಣ್ಣದ ಮೂಲವಸ್ತುವೂ ಅದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹಾಗೆಂದು ಪಾನ್ ಡಬ್ಬಿಯ ಸುಣ್ಣ ಕಲಸಿ ಸುರಿದೀರಿ ಜೋಕೆ! ಒಮ್ಮೆಗೇ ಪಿಎಚ್ ಏರಿದರೆ ತೊಟ್ಟಿಯಲ್ಲಿರುವುದೆಲ್ಲ ಸಾಯುತ್ತದೆ.

ಕಾನೂನು ಏನು ಹೇಳುತ್ತದೆ?

ಇಷ್ಟೆಲ್ಲ ಮಾಡಲು ನಾನು ತಯಾರು ಎನ್ನುವವರೂ ಇರಬಹುದು. ಅವರು ಮುಖ್ಯವಾಗಿ ಓದಬೇಕಾದ ಭಾಗ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ ಸೇರಿಸಲಾಯಿತು. ಹುಲಿ, ಆನೆಗಳಿರುವ ಪಟ್ಟಿಯೇ ಅದು. ನಮ್ಮ ಸಮುದ್ರದಿಂದ ಮಿದುಳು ಹವಳ ಕಿತ್ತು ತರುವುದು, ಮಾರುವುದು, ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಶೋಕೇಸಿನಲ್ಲಿಡುವ ಸತ್ತ ಬಿಳಿ ಹವಳಕ್ಕೂ ಇದೇ ಕಾನೂನು.

"ಇದು ಫಾರಿನ್ ಮಾಲು ಸಾರ್, ತೊಂದರೆ ಇಲ್ಲ" ಎಂದು ಅಂಗಡಿಯವರು ಹೇಳಬಹುದು. ಗಟ್ಟಿ ಹವಳಗಳು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಇವೆ. ರಫ್ತಾಗುವ ದೇಶದ ಅನುಮತಿ ಪತ್ರವಿಲ್ಲದೆ ಅವು ಗಡಿ ದಾಟುವಂತಿಲ್ಲ. ಬಾಯಿಮಾತು ದಾಖಲೆಯಾಗುವುದಿಲ್ಲ. ಕಾಗದವಿಲ್ಲದ ಹವಳವನ್ನು ಮುಟ್ಟಬೇಡಿ. ಕಾಗದ ತೋರಿಸಿದರೂ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ದುಡ್ಡು ಕೊಡಬೇಡಿ.

ತೊಟ್ಟಿಯಲ್ಲಿ ಹವಳ ಸಾಕುವುದೇ ತಪ್ಪೆಂದಲ್ಲ. 2014ರಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಗಟ್ಟಿ ಹವಳಗಳ ಮೈ ಕರಗಿಸುವ ಕಾಯಿಲೆ ಕಾಣಿಸಿಕೊಂಡಿತು. ಅದಕ್ಕೆ ಬೇಗ ಬಲಿಯಾಗುವವುಗಳಲ್ಲಿ ಮಿದುಳು ಹವಳಗಳೂ ಸೇರಿವೆ. ಆಗ ಇನ್ನೂ ಕಾಯಿಲೆ ತಗುಲದ ಹವಳಗಳನ್ನು ಸಮುದ್ರದಿಂದ ತೆಗೆದು, ಬೇರೆ ಬೇರೆ ರಾಜ್ಯಗಳ ಮೃಗಾಲಯ, ಅಕ್ವೇರಿಯಂಗಳ ತೊಟ್ಟಿಗಳಿಗೆ ಸಾಗಿಸಿ ವಂಶ ಉಳಿಸಿಕೊಂಡರು. ಅಲ್ಲಿ ಹವಳ ನೋಡಿಕೊಳ್ಳುವುದೇ ಕೆಲಸವಾಗಿರುವ ಸಿಬ್ಬಂದಿ ಇದ್ದಾರೆ. ನಮ್ಮ ಮನೆಯ ತೊಟ್ಟಿಗೆ ಬರುವ ಹವಳಕ್ಕೆ ಆ ಭಾಗ್ಯವಿಲ್ಲ. ಹತ್ತಾರು ವರ್ಷದಲ್ಲಿ ಕಟ್ಟಿಕೊಂಡ ಮೈ ಒಂದು ರಾತ್ರಿಯ ಪವರ್‌ಕಟ್‌ಗೆ ಹೋಗಿಬಿಡಬಹುದು.

ಹಾಗಾದರೆ ಏನು ಮಾಡಬಹುದು?

ಉಪ್ಪುನೀರಿನ ತೊಟ್ಟಿಯ ಆಸೆ ಇದ್ದರೆ ಮೇಲೆ ಹೇಳಿದ ನೀರಿನ ಪಾಠವನ್ನೆಲ್ಲ ಕಲಿತು, ಕೃತಕ ಕಲ್ಲುಗಳ ನಡುವೆ ಒಂದು ಜೋಡಿ ಕ್ಲೌನ್ ಮೀನು ಸಾಕಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಕೊಳ್ಳುವಾಗ "ಸಮುದ್ರದಲ್ಲಿ ಹಿಡಿದದ್ದೋ, ಮರಿ ಮಾಡಿಸಿದ್ದೋ?" ಎಂದು ಕೇಳಿ.

ಜೀವಂತ ಹವಳ ನೋಡಲೇಬೇಕು ಎಂದರೆ ಮುರ್ಡೇಶ್ವರಕ್ಕೆ ಹೋಗಿ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' (2022) ನೋಡಿದವರಿಗೆ ಆ ದ್ವೀಪದ ನೆನಪಿರಬೇಕು. ಮಳೆಗಾಲ ಬಿಟ್ಟು ಹೋಗಿ, ನೋಡಿ, ಮುಟ್ಟದೆ ಬನ್ನಿ.

ಸಾಕಲಾಗದಿದ್ದರೆ ಗಂಗೆಗೆ ಬಿಟ್ಟರಾಯಿತು ಎಂದುಕೊಳ್ಳುವವರಿಗೆ ಒಂದು ಉದಾಹರಣೆ. ಗಾಜು ಶುಚಿಮಾಡಲೆಂದು ಅಕ್ವೇರಿಯಂಗಳಲ್ಲಿ ಬಿಡುವ ಸಕ್ಕರ್ ಮೀನಿನ ತವರು ದಕ್ಷಿಣ ಅಮೆರಿಕ. 2020ರಲ್ಲಿ ಅದೇ ಮೀನು ವಾರಾಣಸಿಯ ಗಂಗೆಯಲ್ಲಿ ಸಿಕ್ಕಿತು. ಇಂಥ ಹೊರಗಿನ ಮೀನು ನೆಲೆಯೂರಿದರೆ ಸ್ಥಳೀಯ ಮೀನುಗಳ ಮೊಟ್ಟೆ, ಮೇವಿಗೆ ಸಂಚಕಾರ. ಘಾಟ್‌ನ ಮೆಟ್ಟಿಲಿರಲಿ, ನಿಮ್ಮೂರಿನ ಕೆರೆಯಿರಲಿ, ಅಕ್ವೇರಿಯಂನ ಯಾವ ಜೀವಿಯನ್ನೂ ಅಲ್ಲಿ ಬಿಡಬೇಡಿ. ಕೊಂಡ ಅಂಗಡಿಗೋ ಸಾಕಬಲ್ಲ ಇನ್ನೊಬ್ಬರಿಗೋ ಕೊಡಿ.

ಹನುಮಾನ್ ಘಾಟ್‌ನ ನಮ್ಮ ಮನೆಯ ಲೆಕ್ಕ ಇಲ್ಲಿಗೆ ಮುಗಿಯಿತು. ಅಲ್ಲಿ ಮಿದುಳು ಹವಳ ಬೇಡ, ನಿಮ್ಮ ಮನೆಯಲ್ಲೂ ಬೇಡ. ಅಂಗಡಿಯ ನೀಲಿ ದೀಪದ ಕೆಳಗೆ ಮುಂದಿನ ಸಲ ಅದು ಕಂಡರೆ, ಬೆಲೆ ಕೇಳುವ ಮುಂಚೆ ಅದರ ವಯಸ್ಸು ಎಷ್ಟಿರಬಹುದು ಎಂದು ಯೋಚಿಸಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಈ ಪುಟ ಓದಿ ಹೇಳಿ.